ಬೈಬಲ್ ಓದಲು ಯಾವ ಕ್ರಮ ಹಿಡಿಯೋಣ? ತಪ್ಪಿದ ದಿನವನ್ನು ಮುಂದಿಟ್ಟುಕೊಂಡು ಒಂದು ಹೋಲಿಕೆ

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಸಿ, ವಾಗ್ದಾನದ ಕಾರ್ಡ್ ತೆಗೆದುಕೊಂಡು, ಕೇಕ್ ತಿಂದು ಮನೆಗೆ ಬಂದ ಮೇಲೆ ನಮ್ಮಲ್ಲಿ ಬಹಳ ಜನ ಒಂದು ತೀರ್ಮಾನ ಮಾಡುತ್ತೇವೆ. ಈ ವರ್ಷ ಬೈಬಲ್ ಪೂರ್ತಿ ಓದಿ ಮುಗಿಸಬೇಕು. ಜನವರಿ 1ಕ್ಕೆ ಆದಿಕಾಂಡ ಶುರು. ಸೃಷ್ಟಿ, ನೋಹ, ಅಬ್ರಹಾಮ, ಯೋಸೇಫ, ಕಥೆ ಚೆನ್ನಾಗಿ ಓಡುತ್ತದೆ. ವಿಮೋಚನಕಾಂಡದ ಮೊದಲ ಅರ್ಧವೂ ಹಾಗೇ. ಆಮೇಲೆ ಗುಡಾರದ ಅಳತೆಗಳು ಬರುತ್ತವೆ, ಪರದೆ ಎಷ್ಟು ಮೊಳ, ಕೊಂಡಿ ಎಷ್ಟು, ಗೂಟ ಎಷ್ಟು. ಅದನ್ನು ದಾಟಿದರೆ ಯಾಜಕಕಾಂಡ, ಸರ್ವಾಂಗಹೋಮ, ಸಮಾಧಾನಯಜ್ಞ. ಫೆಬ್ರವರಿ ಎರಡನೇ ವಾರಕ್ಕೆ ಪುಸ್ತಕ ಮತ್ತೆ ಶೋಕೇಸ್ ಸೇರುತ್ತದೆ. ನಾನು ಹೀಗೆ ನಾಲ್ಕು ವರ್ಷ ಮಾಡಿದ್ದೇನೆ. ಆದಿಕಾಂಡವನ್ನು ನಾಲ್ಕು ಸಲ ಓದಿದವಳು ಹಬಕ್ಕೂಕನನ್ನು ಒಂದು ಸಲವೂ ಓದಿರಲಿಲ್ಲ, ಅದು ಇರುವುದೇ ಮೂರು ಅಧ್ಯಾಯ.

ನಾನು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಅನ್ನುವ ಪ್ರೊಟೆಸ್ಟೆಂಟ್ ಸಭೆಯ ಮನೆಯಲ್ಲಿ ಬೆಳೆದವಳು, ಮದುವೆಯಾಗಿ ಬಂದದ್ದು ಕಥೋಲಿಕ ಮನೆಗೆ. ತವರಲ್ಲಿ ಸತ್ಯವೇದ, ಇಲ್ಲಿ ಪವಿತ್ರ ಬೈಬಲ್. ಅಲ್ಲಿ ಸುವಾರ್ತೆ, ಇಲ್ಲಿ ಶುಭಸಂದೇಶ. ಹಾಗಾಗಿ ಎರಡು ಕಡೆಯ ಓದುವ ಪದ್ಧತಿಯನ್ನೂ ಹತ್ತಿರದಿಂದ ನೋಡಿದ್ದೇನೆ, ಹಲವನ್ನು ಶುರು ಮಾಡಿ ಬಿಟ್ಟಿದ್ದೇನೆ, ಒಂದೆರಡನ್ನು ಉಳಿಸಿಕೊಂಡಿದ್ದೇನೆ.

ಯಾವ ಕ್ರಮ ಒಳ್ಳೆಯದು ಅಂತ ವಿಚಾರಿಸುವವರು ಸಾಮಾನ್ಯವಾಗಿ ದಿನಕ್ಕೆ ಎಷ್ಟು ಅಧ್ಯಾಯ, ಎಷ್ಟು ನಿಮಿಷ, ಎಷ್ಟು ದಿನದಲ್ಲಿ ಮುಗಿಯುತ್ತದೆ ಅಂತ ಕೇಳುತ್ತಾರೆ. ನಾನು ಈಗ ಕೇಳುವ ಪ್ರಶ್ನೆ ಬೇರೆ. ಒಂದು ದಿನ ತಪ್ಪಿತು ಅಂದುಕೊಳ್ಳಿ. ಮಗುವಿಗೆ ಜ್ವರ, ಊರಲ್ಲಿ ಮದುವೆ, ಆಫೀಸಿನಲ್ಲಿ ತಡ, ಏನೋ ಒಂದು. ಮರುದಿನ ಆ ಕ್ರಮ ನಿಮ್ಮಿಂದ ಏನು ಕೇಳುತ್ತದೆ? ಮೊದಲು ಹಳೇ ಸಾಲ ತೀರಿಸು ಅನ್ನುತ್ತದೋ, ಬಾ ಕೂತುಕೋ ಅನ್ನುತ್ತದೋ? ನನ್ನ ಮಟ್ಟಿಗೆ ಆಯ್ಕೆ ನಿಂತಿರುವುದು ಇದೊಂದರ ಮೇಲೆ.

ಮೊದಲಿಂದ ಕೊನೆವರೆಗೆ

ಲೆಕ್ಕ ಹೀಗಿದೆ. ಪ್ರೊಟೆಸ್ಟೆಂಟ್ ಬೈಬಲಿನಲ್ಲಿ 66 ಪುಸ್ತಕ, 1189 ಅಧ್ಯಾಯ. ಕಥೋಲಿಕ ಬೈಬಲಿನಲ್ಲಿ ತೋಬಿತ, ಸಿರಾಖ, ಮಕ್ಕಬಿಯರು ಮುಂತಾದವು ಸೇರಿ 73 ಪುಸ್ತಕ, ಹಾಗಾಗಿ ಅಧ್ಯಾಯಗಳೂ ಜಾಸ್ತಿ. 1189ನ್ನು 365ರಿಂದ ಭಾಗಿಸಿದರೆ ದಿನಕ್ಕೆ ಮೂರೂಕಾಲು ಅಧ್ಯಾಯ ಬರುತ್ತದೆ, ನನ್ನ ವೇಗಕ್ಕೆ ಸುಮಾರು ಇಪ್ಪತ್ತು ನಿಮಿಷ. ಕೇಳಿದರೆ ಏನೂ ಅನ್ನಿಸುವುದಿಲ್ಲ, ಅಷ್ಟು ಹೊತ್ತು ರೀಲ್ಸ್ ನೋಡುತ್ತೇವೆ ಅಲ್ವಾ?

ಆದರೆ ಇದೇ ಲೆಕ್ಕವನ್ನು ಕ್ಯಾಲೆಂಡರಿನ ಮೇಲೆ ಹರಡಿ ನೋಡಿ. ಜನವರಿ 28ರ ಹೊತ್ತಿಗೆ ಯಾಜಕಕಾಂಡ. ಏಪ್ರಿಲ್ ಮಧ್ಯಕ್ಕೆ ಪೂರ್ವಕಾಲವೃತ್ತಾಂತ, ಅದರ ಮೊದಲ ಒಂಬತ್ತು ಅಧ್ಯಾಯ ಹೆಚ್ಚುಕಡಿಮೆ ಬರೀ ವಂಶಾವಳಿ. ಹಳೆಯ ಒಡಂಬಡಿಕೆಯೊಂದೇ 929 ಅಧ್ಯಾಯ. ಅಂದರೆ ಒಂದು ದಿನವೂ ತಪ್ಪದೆ ಓದಿದರೂ ಮತ್ತಾಯನ ಸುವಾರ್ತೆ ತೆರೆಯುವುದು ಅಕ್ಟೋಬರ್ ಎರಡನೇ ವಾರದಲ್ಲಿ, ದಸರಾ ಆಸುಪಾಸಿನಲ್ಲಿ. ಯೇಸುವಿನ ಬಗ್ಗೆ ತಿಳಿಯಬೇಕು ಅಂತ ಓದಲು ಕೂತವರು ಒಂಬತ್ತು ತಿಂಗಳು ಕಾಯಬೇಕು.

ನಾಲ್ಕು ದಿನ ತಪ್ಪಿದರೆ 13 ಅಧ್ಯಾಯ ಬಾಕಿ. ಅದೂ ಅರಣ್ಯಕಾಂಡದ ಜನಗಣತಿ ಬರುವ ಜಾಗದಲ್ಲಿ ತಪ್ಪಿದರೆ, ಐದನೇ ದಿನ ಯಾರಿಗೆ ತಾನೇ ಪುಸ್ತಕ ಮುಟ್ಟಲು ಮನಸ್ಸಾಗುತ್ತದೆ? ಸಾಲ ಕೊಟ್ಟವನ ಮನೆ ಮುಂದಿನ ರಸ್ತೆ ಬಿಟ್ಟು ಸುತ್ತಿ ಹೋಗುವ ಹಾಗೆ ನಾವು ಬೈಬಲ್ ಇಟ್ಟ ಮೇಜನ್ನೇ ಸುತ್ತಿ ಹೋಗುತ್ತೇವೆ.

ಹಾಗಂತ ಈ ಕ್ರಮ ಕೆಟ್ಟದ್ದು ಅನ್ನುತ್ತಿಲ್ಲ. ಕಥೆಯ ಎಳೆ ಕೈಗೆ ಸಿಗುವುದು ಹೀಗೆ ಓದಿದಾಗಲೇ. ಆದರೆ ತಾರೀಖು ಕಿತ್ತುಹಾಕಿ. ಒಂದು ವರ್ಷ ಅನ್ನುವುದನ್ನು ಬಿಟ್ಟು, ದಿನಕ್ಕೊಂದು ಅಧ್ಯಾಯ, ಮೂರೂಕಾಲು ವರ್ಷ ಅಂತ ಇಟ್ಟುಕೊಂಡರೆ ಅದೇ ಓದು ಬೇರೆಯೇ ಆಗುತ್ತದೆ. ಯಾರೂ ಅಟ್ಟಿಸಿಕೊಂಡು ಬರುತ್ತಿಲ್ಲ. ಪುಟದ ಗುರುತಿನ ದಾರ ಎಲ್ಲಿದೆಯೋ ಅಲ್ಲಿಂದ ಮುಂದಕ್ಕೆ, ಅಷ್ಟೇ.

ಕಾಲಾನುಕ್ರಮದ ಓದು ಅಂತ ಇದರದೇ ಇನ್ನೊಂದು ರೂಪ ಇದೆ. ಬೈಬಲಿನ ಪುಸ್ತಕಗಳು ನಡೆದ ಕಾಲದ ಕ್ರಮದಲ್ಲಿಲ್ಲ. ಹಾಗಾಗಿ ಈ ಪಟ್ಟಿಗಳು ಅರಸುಗಳ ಎರಡನೆಯ ಭಾಗದ ನಡುವೆಯೇ ಆಮೋಸ, ಹೋಶೇಯ ಎಂಬ ಪ್ರವಾದಿಗಳನ್ನು ತಂದು ಸೇರಿಸುತ್ತವೆ, ದಾವೀದ ಬತ್ಷೆಬೆಯ ಕಥೆ ಮುಗಿದ ಕೂಡಲೇ ದಾವೀದನ ಪಶ್ಚಾತ್ತಾಪದ 51ನೇ ಕೀರ್ತನೆ ಓದಿಸುತ್ತವೆ. ಪ್ರವಾದಿಗಳು ಯಾಕೆ ಅಷ್ಟು ಕೂಗಾಡುತ್ತಾರೆ ಅಂತ ನನಗೆ ಅರ್ಥವಾಗಿದ್ದು ಹೀಗೆ ಓದಿದಾಗ. ಆದರೆ ಇದು ಎರಡನೇ ಸಲ ಓದುವವರಿಗೆ. ಮೊದಲ ಸಲವೇ ಹಿಡಿದರೆ ಪುಟ ಹುಡುಕುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ.

ದಿನಕ್ಕೆ ನಾಲ್ಕು ಕಡೆ

ಸ್ಕಾಟ್ಲೆಂಡಿನ ಡಂಡೀ ಊರಿನ ಪಾದ್ರಿ ರಾಬರ್ಟ್ ಮರ್ರೇ ಮ್ಯಾಕ್‌ಚೇನ್ 1842ರಲ್ಲಿ ತನ್ನ ಸಭೆಗೆ ಮಾಡಿಕೊಟ್ಟ ಪಟ್ಟಿ ಇವತ್ತಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಜನವರಿ 1ರಂದು ನಾಲ್ಕು ಕಡೆ ಶುರು: ಆದಿಕಾಂಡ 1, ಮತ್ತಾಯ 1, ಎಜ್ರ 1, ಅಪೊಸ್ತಲರ ಕೃತ್ಯಗಳು 1. ಎರಡು ಮನೆಯವರೆಲ್ಲ ಸೇರಿ ಓದಲು, ಎರಡು ಒಬ್ಬರೇ ಓದಲು. ವರ್ಷ ಮುಗಿಯುವಾಗ ಹಳೆಯ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡೆರಡು ಸಲ ಆಗಿರುತ್ತವೆ.

ಇದರ ಚಂದ ಏನೆಂದರೆ ಯಾಜಕಕಾಂಡದ ದಿನವೂ ಪಕ್ಕದಲ್ಲಿ ಇನ್ನೊಂದು ಓದು ಇರುತ್ತದೆ. ಸಪ್ಪೆ ಅನ್ನಿಸಿದ ಅನ್ನಕ್ಕೆ ಉಪ್ಪಿನಕಾಯಿ ಇದ್ದ ಹಾಗೆ. ಆದರೆ ತಪ್ಪಿದ ದಿನದ ವಿಷಯದಲ್ಲಿ ಇದು ಎಲ್ಲಕ್ಕಿಂತ ಕಠಿಣ. ಮೂರು ದಿನ ಬಿಟ್ಟರೆ ಹನ್ನೆರಡು ಅಧ್ಯಾಯ, ಅದೂ ನಾಲ್ಕು ಬೇರೆ ಬೇರೆ ಕಡೆ. ಮ್ಯಾಕ್‌ಚೇನ್‌ಗೆ ಇದು ಗೊತ್ತಿತ್ತು. ಪಟ್ಟಿಯ ಜೊತೆಗೇ ಅದರ ಅಪಾಯಗಳನ್ನೂ ಬರೆದಿಟ್ಟಿದ್ದ. ಓದು ಬರೀ ಶಾಸ್ತ್ರಕ್ಕೆ ಆಗಬಹುದು, ಓದಿದೆ ಅಂತ ಹೆಮ್ಮೆ ಬರಬಹುದು, ಮನಸ್ಸಿಲ್ಲದೆ ಕಣ್ಣು ಮಾತ್ರ ಓಡಬಹುದು, ಕೆಲವರಿಗೆ ಹೊರಲಾರದ ನೊಗ ಆಗಬಹುದು. ಪಟ್ಟಿ ಮಾಡಿದ ಮರುವರ್ಷವೇ, 29ನೇ ವಯಸ್ಸಿಗೆ, ಆತ ತೀರಿಕೊಂಡ. ಇವತ್ತು ಪಟ್ಟಿ ಹಂಚುವವರು ಬಹಳ, ಆ ಎಚ್ಚರಿಕೆಯನ್ನು ಜೊತೆಗೆ ಹಂಚುವವರು ಕಡಿಮೆ.

ನಾನು ಇದನ್ನು ಮಾರ್ಚ್ ತನಕ ಎಳೆದೆ. ನಾಲ್ಕರಲ್ಲಿ ಎರಡು ಮಾತ್ರ ಓದುತ್ತೇನೆ ಅಂತ ಒಪ್ಪಿಕೊಂಡಿದ್ದರೆ ಡಿಸೆಂಬರ್ ತನಕ ಹೋಗುತ್ತಿತ್ತೇನೋ. ನೀವು ಹಿಡಿಯುವುದಾದರೆ ಹಾಗೆ ಮಾಡಿ, ಈ ವರ್ಷ ಎರಡು ಸಾಲು, ಮುಂದಿನ ವರ್ಷ ಉಳಿದೆರಡು.

ವಾರಕ್ಕೆ ಐದು ದಿನ

ಹೊಸದಾಗಿ ಶುರು ಮಾಡುವವರು ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯ. ವಾರಕ್ಕೆ ಐದು ದಿನ, ದಿನಕ್ಕೊಂದು ಅಧ್ಯಾಯ, 52 ವಾರ. ಸರಿಯಾಗಿ 260. ಯಾರೋ ಕೂತು ಅಳೆದು ಹೊಲಿದ ಹಾಗಿದೆ. ಐದಾರು ನಿಮಿಷದ ಕೆಲಸ, ಮತ್ತಾಯನ 26ನೇ ಅಧ್ಯಾಯದಂಥ ಉದ್ದದ್ದು ಬಂದರೆ ಹತ್ತು. ತಪ್ಪಿದ್ದನ್ನು ಶನಿವಾರ ಸರಿಮಾಡಿಕೊಳ್ಳಬಹುದು, ಭಾನುವಾರ ಹೇಗೂ ಚರ್ಚಿನಲ್ಲಿ ಓದು ಇದೆ. ಅಂದರೆ ತಪ್ಪುತ್ತದೆ ಅಂತ ಮೊದಲೇ ಒಪ್ಪಿಕೊಂಡು ಜಾಗ ಬಿಟ್ಟಿರುವ ಕ್ರಮ.

ಕೊರತೆ ಇಲ್ಲವೇ ಅಂದರೆ, ಇದೆ. ಹಳೆಯ ಒಡಂಬಡಿಕೆ ಗೊತ್ತಿಲ್ಲದೆ ಇಬ್ರಿಯರಿಗೆ ಬರೆದ ಪತ್ರ ಓದಿದರೆ ಮೆಲ್ಕಿಜೆದೇಕ ಯಾರು, ಈ ಮಹಾಯಾಜಕ ಯಾಕೆ ಅಂತ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಆಗ ಹಿಂದಕ್ಕೆ ಹೋಗಿ ಆದಿಕಾಂಡದ 14ನೇ ಅಧ್ಯಾಯ ನೋಡಿ. ಹಾಗೆ ಬೇಕಾಗಿ ಹುಡುಕಿಕೊಂಡು ಹೋದ ಅಧ್ಯಾಯ ಮರೆಯುವುದಿಲ್ಲ.

ಚರ್ಚ್ ಕೊಟ್ಟ ವಾಚನ

ಇದನ್ನು ನಾನು ಮದುವೆಯಾಗಿ ಬರುವ ತನಕ ಲೆಕ್ಕಕ್ಕೇ ಇಟ್ಟಿರಲಿಲ್ಲ. ನಮ್ಮ ಅತ್ತೆಯವರು ಬೆಳಿಗ್ಗೆ ಕಾಫಿ ಆದ ಮೇಲೆ ಚರ್ಚಿನ ಕ್ಯಾಲೆಂಡರ್ ನೋಡಿ ಅವತ್ತಿನ ವಾಚನ ತೆಗೆಯುತ್ತಾರೆ. ಒಂದು ಮೊದಲ ವಾಚನ, ಒಂದು ಕೀರ್ತನೆ, ಒಂದು ಶುಭಸಂದೇಶದ ಭಾಗ. ಹತ್ತು ನಿಮಿಷವೂ ಹಿಡಿಯುವುದಿಲ್ಲ. ಹೊಸದರಲ್ಲಿ ನಾನು ಕೇಳಿದ್ದೆ, "ಅತ್ತೆ, ಊರಿಗೆ ಹೋದಾಗ ನಾಲ್ಕು ದಿನ ಓದಿಲ್ಲವಲ್ಲ, ಅದನ್ನೆಲ್ಲ ಯಾವಾಗ ಓದುತ್ತೀರಿ?" ಅವರಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. "ನಿನ್ನೇದು ನಿನ್ನೆಗೆ ಆಯ್ತಲ್ಲಮ್ಮಾ. ಇವತ್ತಿನದು ಇವತ್ತಿಗೆ" ಅಂದರು.

ನನಗೆ ಮನ್ನ ನೆನಪಾಯಿತು, ಅರಣ್ಯದಲ್ಲಿ ಇಸ್ರಾಯೇಲರಿಗೆ ದೇವರು ಕೊಡುತ್ತಿದ್ದ ಅವತ್ತವತ್ತಿನ ಆಹಾರ. ವಿಮೋಚನಕಾಂಡದ 16ನೇ ಅಧ್ಯಾಯದಲ್ಲಿ ಮನ್ನವನ್ನು ಮರುದಿನಕ್ಕೆ ಎತ್ತಿಟ್ಟವರದ್ದು ಹುಳ ಬಿದ್ದು ನಾತ ಹೊಡೆಯಿತು. ಭಾನುವಾರದ ಶಾಲೆಯಲ್ಲಿ ಈ ಕಥೆ ಎಷ್ಟು ಸಲ ಕೇಳಿದ್ದೇನೋ, ಓದುವ ಅಭ್ಯಾಸಕ್ಕೆ ಇದನ್ನು ಹೊಂದಿಸಿ ಯೋಚಿಸಿರಲಿಲ್ಲ.

ಕಥೋಲಿಕರ ವಾಚನ ಪಟ್ಟಿ ಹೀಗೆ ನಡೆಯುತ್ತದೆ. ಭಾನುವಾರಗಳಿಗೆ ಮೂರು ವರ್ಷದ ಚಕ್ರ. ಮೊದಲ ವರ್ಷ ಮತ್ತಾಯ, ಎರಡನೇ ವರ್ಷ ಮಾರ್ಕ, ಮೂರನೇ ವರ್ಷ ಲೂಕ, ಯೋಹಾನನ ಭಾಗಗಳು ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಮತ್ತು ಈಸ್ಟರ್‌ನಿಂದ ಶುರುವಾಗುವ ಪಾಸ್ಕಕಾಲದಲ್ಲಿ ಹೆಚ್ಚಾಗಿ ಬರುತ್ತವೆ. ವಾರದ ದಿನಗಳ ಮೊದಲ ವಾಚನಕ್ಕೆ ಎರಡು ವರ್ಷದ ಚಕ್ರ, ಶುಭಸಂದೇಶ ಮಾತ್ರ ಪ್ರತಿ ವರ್ಷ ಅದೇ. ವರ್ಷ ಶುರುವಾಗುವುದು ಜನವರಿಯಲ್ಲಲ್ಲ, ಕ್ರಿಸ್ಮಸ್‌ಗೆ ನಾಲ್ಕು ಭಾನುವಾರ ಮುಂಚೆ, ಆಗಮನ ಕಾಲದಲ್ಲಿ. ಪ್ರೊಟೆಸ್ಟೆಂಟರಲ್ಲೂ ಬಹಳ ಸಭೆಗಳು 1992ರಲ್ಲಿ ಬಂದ ಮೂರು ವರ್ಷದ ಸಾಮಾನ್ಯ ಪಟ್ಟಿಯನ್ನು ಬಳಸುತ್ತವೆ, ನಮ್ಮ ಸಿಎಸ್‌ಐಗೆ ತನ್ನದೇ ಪಂಚಾಂಗವಿದೆ, ಭಾನುವಾರಕ್ಕೊಂದು ವಿಷಯ.

ಇದರಲ್ಲಿ ಸಾಲ ಅನ್ನುವ ಮಾತೇ ಇಲ್ಲ. ಜೊತೆಗೆ ಇನ್ನೊಂದು ಲಾಭ. ಅವತ್ತು ಅದೇ ಭಾಗವನ್ನು ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಭಾಷೆಗಳಲ್ಲಿ ಜನ ಓದುತ್ತಿರುತ್ತಾರೆ, ದುಬೈನಲ್ಲಿರುವ ನಾದಿನಿ ಕೂಡ. ಫೋನ್ ಮಾಡಿದಾಗ ಮಾತಾಡಲು ಒಂದು ವಿಷಯ ಸಿಗುತ್ತದೆ. ಕೊರತೆ ಏನೆಂದರೆ ತುಂಡು ತುಂಡು. ಕೆಲವು ಪುಸ್ತಕಗಳಿಂದ ಬರುವುದು ಬಹಳ ಸ್ವಲ್ಪ, ಹಾರಿಸಿದ ವಚನಗಳಲ್ಲಿ ಕೆಲವೊಮ್ಮೆ ತೊಡಕಿನದ್ದೇ ಇರುತ್ತದೆ. ವಾಚನ ಮಾತ್ರ ಓದಿದವರಿಗೆ ಬೈಬಲ್ ಗೊತ್ತಿರುತ್ತದೆ, ಆದರೆ ಯಾವುದು ಎಲ್ಲಿಂದ ಬಂತು, ಯಾರು ಮೊದಲು ಯಾರು ಆಮೇಲೆ ಅಂದರೆ ಸ್ವಲ್ಪ ತಡವರಿಸುತ್ತಾರೆ. ಅತ್ತೆಯವರು ಇದನ್ನು ಓದಿದರೆ ಬೈಯಬಹುದು.

ತಾರೀಖು ನೋಡಿ ತೆರೆಯುವ ಪುಸ್ತಕ

ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯ. ಇವತ್ತು 9ನೇ ತಾರೀಖಾದರೆ 9ನೇ ಅಧ್ಯಾಯ. ತಪ್ಪಿ ಹೋಯಿತಾ, 10ಕ್ಕೆ 10. ಇಷ್ಟು ಸರಳವಾದ ಕ್ರಮ ಇನ್ನೊಂದಿಲ್ಲ. ತಪ್ಪಿದ್ದು ಮುಂದಿನ ತಿಂಗಳು ತಾನಾಗಿ ಮತ್ತೆ ಬರುತ್ತದೆ. ಕೀರ್ತನೆ 150, ದಿನಕ್ಕೆ ಐದರಂತೆ ಒಂದು ತಿಂಗಳು. 119ನೇ ಕೀರ್ತನೆಯೊಂದೇ 176 ವಚನ ಇರುವುದರಿಂದ ಅವತ್ತಿನ ದಿನ ಸ್ವಲ್ಪ ಉದ್ದ. ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದಲ್ಲೂ ಕೀರ್ತನೆಗಳನ್ನು ಬೆಳಿಗ್ಗೆ ಸಂಜೆ ಅಂತ 30 ದಿನಕ್ಕೆ ಹಂಚಿಟ್ಟಿದ್ದಾರೆ, ನೂರಾರು ವರ್ಷದ ಹಳೆಯ ಪದ್ಧತಿ.

ಪೂರ್ತಿ ಬೈಬಲ್ ಗೊತ್ತಾಗಬೇಕು ಅನ್ನುವವರಿಗೆ ಇದು ಸಾಲದು. ಆದರೆ ವರ್ಷಗಟ್ಟಲೆ ಓದು ನಿಂತುಹೋಗಿದೆ, ಮತ್ತೆ ಶುರು ಮಾಡಲು ನಾಚಿಕೆ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಕಂಡಿಲ್ಲ. ಜನವರಿಗೆ ಕಾಯುವುದು ಬೇಡ, ಸೋಮವಾರಕ್ಕೂ ಕಾಯುವುದು ಬೇಡ.

ಒಂದೇ ಪುಸ್ತಕ, ನಿಧಾನವಾಗಿ

ವೇಗದ ಓದು ಹಿಡಿಸದವರು ಇರುತ್ತಾರೆ. 12ನೇ ಶತಮಾನದ ಸನ್ಯಾಸಿ ಎರಡನೆಯ ಗೀಗೋ ಬರೆದಿಟ್ಟ ನಾಲ್ಕು ಮೆಟ್ಟಿಲುಗಳಿವೆ: ಓದು, ಮೆಲುಕು, ಪ್ರಾರ್ಥನೆ, ಸುಮ್ಮನೆ ದೇವರ ಮುಂದೆ ಕೂರುವುದು. ಐದಾರು ವಚನ ಸಾಕು. ಹಸು ಮೇವು ಮೆಲುಕು ಹಾಕುವ ಹಾಗೆ ಅಂತ ನಮ್ಮ ಪಾಸ್ಟರ್ ಹೇಳುತ್ತಿದ್ದರು, ಅವರಿಗೆ ಗೀಗೋ ಗೊತ್ತಿದ್ದನೋ ಇಲ್ಲವೋ. ದಿನ ತಪ್ಪಿದರೆ ನಷ್ಟವೇನೂ ಇಲ್ಲ. ಆದರೆ ನನ್ನಂಥವರಿಗೆ ಇದರಲ್ಲಿ ಬೇರೆ ತೊಂದರೆ, ಮೂರನೇ ಮೆಟ್ಟಿಲಿಗೆ ನಿದ್ದೆ ಬರುತ್ತದೆ.

ಇದಕ್ಕೆ ಪೂರ್ತಿ ವಿರುದ್ಧವಾದದ್ದೂ ಒಂದಿದೆ, ಒಂದು ಪುಸ್ತಕವನ್ನು ಒಂದೇ ಕೂರಿಕೆಯಲ್ಲಿ ಓದುವುದು. ಮಾರ್ಕನದು 16 ಅಧ್ಯಾಯ, ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ರೂತಳು ನಾಲ್ಕು, ಯೋನ ನಾಲ್ಕು, ಫಿಲೆಮೋನನಿಗೆ ಬರೆದದ್ದು ಒಂದೇ ಅಧ್ಯಾಯ. ಪೌಲನ ಪತ್ರಗಳನ್ನು ಪತ್ರದ ಹಾಗೆ ಓದಬೇಕು ಅಲ್ವಾ? ಮನೆಗೆ ಬಂದ ಕಾಗದವನ್ನು ಯಾರಾದರೂ ದಿನಕ್ಕೊಂದು ಪ್ಯಾರಾ ಓದುತ್ತಾರಾ? ಅಧ್ಯಾಯದ ಗೆರೆಗಳು ಮೂಲದಲ್ಲಿ ಇರಲೂ ಇಲ್ಲ. ಇವತ್ತಿನ ಅಧ್ಯಾಯ ವಿಂಗಡಣೆ 13ನೇ ಶತಮಾನದ ಸ್ಟೀಫನ್ ಲ್ಯಾಂಗ್ಟನ್‌ರದ್ದು ಅನ್ನುತ್ತಾರೆ, ಹೊಸ ಒಡಂಬಡಿಕೆಗೆ ಈಗಿನ ವಚನ ಸಂಖ್ಯೆ ಹಾಕಿದ್ದು 1551ರಲ್ಲಿ ರಾಬೇರ್ ಎತಿಯೆನ್ ಎಂಬ ಮುದ್ರಕ. ಗೆರೆ ಕೆಲವು ಕಡೆ ಎಡವಟ್ಟಾಗಿದೆ. ಯೆಶಾಯನ 53ನೇ ಅಧ್ಯಾಯದ ಹಾಡು ನಿಜವಾಗಿ ಶುರುವಾಗುವುದು 52:13ರಲ್ಲಿ. ಆದ್ದರಿಂದ ದಿನಕ್ಕೊಂದು ಅಧ್ಯಾಯ ಅಂತ ಇದ್ದರೂ, ಮಾತು ಮುಗಿಯದಿದ್ದರೆ ನಾಲ್ಕು ವಚನ ಮುಂದೆ ಹೋಗಿ, ಮುಗಿದಿದ್ದರೆ ಅಲ್ಲೇ ನಿಲ್ಲಿಸಿ.

ವಾಟ್ಸಾಪ್ ವಚನ

ದಿನಾ ಬೆಳಿಗ್ಗೆ ಹೂವಿನ ಚಿತ್ರದ ಮೇಲೆ ಬರುವ ಒಂದು ವಚನ. ಇದನ್ನು ಓದುವ ಅಭ್ಯಾಸ ಅಂತ ನಾನು ಕರೆಯುವುದಿಲ್ಲ, ಕ್ಷಮಿಸಿ. ಯೆರೆಮೀಯ 29:11 ಎಷ್ಟು ಜನರ ಸ್ಟೇಟಸ್‌ನಲ್ಲಿದೆ ನೋಡಿ. ಒಳ್ಳೆಯ ಮಾತೇ. ಆದರೆ ಅದು ಬಾಬಿಲೋನಿಗೆ ಸೆರೆ ಹೋದವರಿಗೆ ಬರೆದ ಪತ್ರದ ಒಂದು ಸಾಲು, ಅದರ ಹಿಂದಿನ ವಚನದಲ್ಲೇ 70 ವರ್ಷ ಕಾಯಬೇಕು ಅಂತ ಇದೆ. ಅಂದರೆ ಅದನ್ನು ಕೇಳಿಸಿಕೊಂಡ ದೊಡ್ಡವರಲ್ಲಿ ಬಹುಪಾಲು ಜನ ಊರು ನೋಡದೆ ಅಲ್ಲೇ ತೀರಿಕೊಳ್ಳುವವರು. ಇದು ಗೊತ್ತಿದ್ದು ಓದಿದರೆ ಆ ವಚನ ಬೇರೆ ತೂಕದ್ದಾಗುತ್ತದೆ. ವಚನ ಬಂದಾಗ ಫಾರ್ವರ್ಡ್ ಮಾಡುವ ಮುಂಚೆ ಆ ಅಧ್ಯಾಯ ತೆರೆದು ಓದಿ. ಆಗ ಇದೂ ಒಂದು ಕ್ರಮವೇ.

ಕಿವಿಯಲ್ಲಿ ಕೇಳುವುದು

"ಕೇಳಿದರೆ ಓದಿದ ಹಾಗಾ?" ಅಂತ ನಮ್ಮಮ್ಮ ಕೇಳುತ್ತಾರೆ. ನೆಹೆಮೀಯನ 8ನೇ ಅಧ್ಯಾಯದಲ್ಲಿ ಎಜ್ರ ಬೆಳಗಿನಿಂದ ಮಧ್ಯಾಹ್ನದವರೆಗೆ ಓದಿದ, ಜನ ನಿಂತು ಕೇಳಿದರು. ಪ್ರಕಟನೆಯ ಮೊದಲ ಅಧ್ಯಾಯದ ಮೂರನೇ ವಚನ ಓದುವವನನ್ನೂ ಕೇಳುವವರನ್ನೂ ಒಟ್ಟಿಗೇ ಧನ್ಯರು ಅನ್ನುತ್ತದೆ. ಮನೆಮನೆಗೆ ಅಚ್ಚಾದ ಪುಸ್ತಕ ಬಂದದ್ದು ಮೊನ್ನೆ ಮೊನ್ನೆ, ಅದಕ್ಕೂ ಮುಂಚೆ ಬಹುತೇಕ ಎಲ್ಲರೂ ಕೇಳಿಯೇ ಕಲಿತವರು.

ಇಂಗ್ಲಿಷ್ ಆಡಿಯೋ ಬೈಬಲ್‌ಗಳು ಸುಮಾರು 70ರಿಂದ 80 ಗಂಟೆ ಇರುತ್ತವೆ, ದಿನಕ್ಕೆ ಹನ್ನೆರಡು ಹದಿಮೂರು ನಿಮಿಷ ಅಂದರೆ ವರ್ಷಕ್ಕೆ ಮುಗಿಯುತ್ತದೆ. ಕನ್ನಡದಲ್ಲೂ ಯೂವರ್ಷನ್, ಬೈಬಲ್ ಡಾಟ್ ಈಸ್ ಥರದ ಆಪ್‌ಗಳಲ್ಲಿ ಆಡಿಯೋ ಸಿಗುತ್ತದೆ. ಇಂಗ್ಲಿಷ್ ತೊಡಕಿಲ್ಲದವರಿಗೆ ಅಮೆರಿಕದ ಫಾದರ್ ಮೈಕ್ ಶ್ಮಿಟ್ಜ್ ಅವರ, 2021ರ ಜನವರಿ 1ಕ್ಕೆ ಶುರುವಾದ, 365 ಕಂತಿನ ಪಾಡ್‌ಕಾಸ್ಟ್ ಇದೆ, ಓದಿ ಆಮೇಲೆ ಸ್ವಲ್ಪ ವಿವರಿಸುತ್ತಾರೆ. ಯಾಜಕಕಾಂಡವನ್ನು ನಾನು ಮೊದಲ ಸಲ ದಾಟಿದ್ದು ಕೇಳುವುದರಿಂದಲೇ, ಮೆಟ್ರೋದಲ್ಲಿ ನಿಂತುಕೊಂಡು. ಕಣ್ಣಿಗೆ ಭಾರವಾದದ್ದು ಕಿವಿಗೆ ಅಷ್ಟು ಭಾರ ಅನ್ನಿಸಲಿಲ್ಲ. ತಪ್ಪಿದ ದಿನ ಅದು ಎಲ್ಲಿ ನಿಂತಿತ್ತೋ ಅಲ್ಲೇ ಕಾಯುತ್ತಿರುತ್ತದೆ. ಒಂದೇ ಎಚ್ಚರ, ಪಾತ್ರೆ ತೊಳೆಯುತ್ತಾ ಕೇಳಿದರೆ ಅರ್ಧ ಸಿಂಕಿಗೇ ಹೋಗುತ್ತದೆ. ರೋಮಾಪುರದವರಿಗೆ ಬರೆದ ಪತ್ರದಂಥದ್ದಕ್ಕೆ ಪುಸ್ತಕವೇ ಬೇಕು. ಕಥೆ ಕಿವಿಗೆ, ವಾದ ಕಣ್ಣಿಗೆ ಅಂತ ನಾನು ಹಂಚಿಕೊಂಡಿದ್ದೇನೆ.

ಕ್ರಮಕ್ಕಿಂತ ಮುಂಚೆ, ಯಾವ ಕನ್ನಡ?

ಅಭ್ಯಾಸ ನಿಲ್ಲದಿರಲು ಜನ ಮನಸ್ಸಿನ ಬಲ ಸಾಲದು ಅನ್ನುತ್ತಾರೆ. ಬಹಳ ಸಲ ಭಾಷೆಯದೇ ತೊಂದರೆ ಇರುತ್ತದೆ. ಪೂರ್ತಿ ಬೈಬಲ್ ಕನ್ನಡಕ್ಕೆ ಬಂದದ್ದು 1831ರಲ್ಲಿ, ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ. ಆಮೇಲೆ ತಿದ್ದುತ್ತಾ ತಿದ್ದುತ್ತಾ ಬಂದು, ಬೈಬಲ್ ಸೊಸೈಟಿಯ ಹಳೆಯ ಅನುವಾದ ಅಂತ ನಾವು ಕರೆಯುವ ಸತ್ಯವೇದ ನಮ್ಮ ಮನೆಗಳಲ್ಲಿ ನಿಂತಿದೆ. "ಯೆಹೋವನು ನನಗೆ ಕುರುಬನು, ಕೊರತೆಪಡೆನು." ನಾಲ್ಕೇ ಪದದಲ್ಲಿ ಮುಗಿಸುವ ಆ ಗತ್ತು ಬೇರೆ ಯಾವುದಕ್ಕೂ ಇಲ್ಲ, ಬಾಯಿಪಾಠಕ್ಕೆ ಇದೇ ಸರಿ. ಆದರೆ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಹುಡುಗನಿಗೆ ಇದರಲ್ಲಿ ಯೋಬನ ಪುಸ್ತಕ ಕೊಟ್ಟರೆ ಅವನು ನಾಳೆ ಮನೆಗೇ ಬರುವುದಿಲ್ಲ.

ಸಿ.ಎಲ್. ಅಂತ ಕರೆಯುವ ಸಾಮಾನ್ಯ ಭಾಷೆಯ ಅನುವಾದ ಆಡುಗನ್ನಡಕ್ಕೆ ಹತ್ತಿರ, ಕಥೋಲಿಕರಲ್ಲಿ ಹೆಚ್ಚು ಬಳಕೆಯಲ್ಲಿದೆ. ಅದರಲ್ಲಿ ಯೆಹೋವ ಎಂಬ ಜಾಗದಲ್ಲಿ ಸರ್ವೇಶ್ವರ ಎಂದಿರುತ್ತದೆ, ಯೇಸುಸ್ವಾಮಿ ಎಂದು ಗೌರವದ ಬಹುವಚನ. ನನಗೆ ಒಗ್ಗಿಕೊಳ್ಳಲು ಒಂದು ವರ್ಷ ಹಿಡಿಯಿತು, ಈಗ ಪ್ರವಾದಿಗಳನ್ನು ಅದರಲ್ಲೇ ಓದುತ್ತೇನೆ. ಆಪ್‌ಗಳಲ್ಲಿ ಕನ್ನಡ ಸಮಕಾಲಿಕ ಅನುವಾದ ಅಂತ ಇನ್ನೊಂದು ಸಿಗುತ್ತದೆ, ವಾಕ್ಯ ಸರಳ. ಒಂದೇ ಅಧ್ಯಾಯವನ್ನು, ಉದಾಹರಣೆಗೆ ರೋಮಾಪುರದವರಿಗೆ 8, ಮೂರರಲ್ಲೂ ಓದಿ ನೋಡಿ. ಯಾವುದನ್ನು ಓದುವಾಗ ಹಿಂದಿನ ಸಾಲಿಗೆ ಕಡಿಮೆ ಸಲ ಮರಳಿದಿರೋ ಅದು ದಿನದ ಓದಿಗೆ. ಕನ್ನಡ ಮಾತಾಡಲು ಬಂದು ಓದಲು ಕಷ್ಟ ಅನ್ನುವವರು, ಹೊರದೇಶದಲ್ಲಿ ಬೆಳೆದ ಮಕ್ಕಳಂತೂ, ಪುಸ್ತಕ ಮುಂದಿಟ್ಟುಕೊಂಡು ಆಡಿಯೋ ಹಾಕಿ ಬೆರಳಿಟ್ಟು ಓದಲಿ. ಕನ್ನಡವೂ ಬರುತ್ತದೆ.

ಪುಸ್ತಕವೋ ಫೋನೋ

ಫೋನ್ ಯಾವಾಗಲೂ ಕೈಯಲ್ಲಿರುತ್ತದೆ, ಅದೇ ಅದರ ಲಾಭ, ಅದೇ ಅದರ ತೊಂದರೆ. ಬೈಬಲ್ ಆಪ್ ತೆರೆದು ಗ್ಯಾಸ್ ಬುಕ್ ಮಾಡಿ ಮುಗಿಸಿದ ದಿನಗಳು ನನಗಿವೆ. ಸತತ ಇಷ್ಟು ದಿನ ಓದಿದ್ದೀರಿ ಅಂತ ತೋರಿಸುವ ಲೆಕ್ಕದ ವಿಷಯ ಇನ್ನೊಂದು. ನಾನು ಬಳಸುತ್ತಿದ್ದ ಆಪ್ ಒಂದರಲ್ಲಿ 112 ದಿನ ಆಗಿತ್ತು, ರಾತ್ರಿ ರೈಲಿನಲ್ಲಿ ನೆಟ್‌ವರ್ಕ್ ಇಲ್ಲದೆ ಒಂದು ದಿನ ಹೋಯಿತು, ಬೆಳಿಗ್ಗೆ ನೋಡಿದರೆ ಸೊನ್ನೆ. ನಾನು ಮೂರು ವಾರ ಅದನ್ನು ತೆರೆಯಲಿಲ್ಲ. ಆಗ ಹೊಳೆಯಿತು, ನಾನು ಕಾಯುತ್ತಿದ್ದದ್ದು ಓದನ್ನಲ್ಲ, ಸಂಖ್ಯೆಯನ್ನು. ಲೆಕ್ಕ ತೋರಿಸುವುದನ್ನು ಆಫ್ ಮಾಡಲು ಆಗುವುದಾದರೆ ಮಾಡಿ. ತಪ್ಪಿದ ದಿನಗಳನ್ನು ಮುಂದಕ್ಕೆ ಸರಿಸುವ ಸೌಲಭ್ಯ ಕೆಲವು ಆಪ್‌ಗಳಲ್ಲಿದೆ, ಅದನ್ನು ಧಾರಾಳವಾಗಿ ಬಳಸಿ. ಮನೆಯಲ್ಲಿ ಪುಸ್ತಕ, ದಾರಿಯಲ್ಲಿ ಫೋನು, ನನಗೆ ಹೊಂದಿಕೊಂಡದ್ದು ಹೀಗೆ.

ಹೊತ್ತಿನ ವಿಷಯದಲ್ಲಿ ಬೆಳಗ್ಗೆಯೇ ಆಗಬೇಕು ಅಂತ ನಮ್ಮಲ್ಲಿ ಒಂದು ಹಟ ಇದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿ, ಒಂದು ಹೊಸ ಕೆಲಸ ತಾನಾಗಿ ನಡೆಯುವ ಹಂತಕ್ಕೆ ಬರಲು ಎಷ್ಟು ದಿನ ಬೇಕು ಅಂತ ನೋಡಿದರು. ಸರಾಸರಿ 66 ದಿನ, ಆದರೆ ಒಬ್ಬರಿಗೆ 18, ಇನ್ನೊಬ್ಬರಿಗೆ ಲೆಕ್ಕ ಹಾಕಿದರೆ 254. (66 ದಿನ, 66 ಪುಸ್ತಕ. ದಯವಿಟ್ಟು ಇದರ ಮೇಲೆ ಯಾರೂ ಪ್ರಸಂಗ ಮಾಡಬೇಡಿ.) ನಮಗೆ ಬೇಕಾದ ಮಾತು ಎರಡು. ದಿನಾ ನಡೆಯುವ ಒಂದು ಕೆಲಸಕ್ಕೆ, ತಿಂಡಿ ಆದ ಮೇಲೆ ಅನ್ನುವ ಹಾಗೆ, ಹೊಸದನ್ನು ಕಟ್ಟಿದ್ದರು. ಮತ್ತೆ, ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೂರುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿ ಆಗಲಿಲ್ಲ. ಬೆಳಗಿನ ಡಬ್ಬಿ ಕಟ್ಟುವ ಗಲಾಟೆಯಲ್ಲಿ ಓದಲು ಹೋಗಿ ಮಕ್ಕಳ ಮೇಲೆ ರೇಗುವುದಕ್ಕಿಂತ, ಅವರು ಹೋದ ಮೇಲಿನ ಎರಡನೇ ಕಾಫಿಗೆ ಕಟ್ಟಿ. ರಾತ್ರಿ ಪಾಳಿಯವರು ಊಟದ ಬಿಡುವಿಗೆ.

ಜೊತೆಗೆ ಒಬ್ಬರು ಇದ್ದರೆ ಒಳ್ಳೆಯದು, ಮೂವತ್ತು ಜನರ ಗುಂಪು ಬೇಡ. ಮೂವತ್ತು ಜನರ ಗುಂಪಿನಲ್ಲಿ ಎಲ್ಲರೂ "ಮುಗೀತು" ಅಂತ ಹಾಕುತ್ತಾರೆ, ಯಾರು ಓದಿದರು ಅಂತ ದೇವರಿಗೇ ಗೊತ್ತು. ನಾನು ಮತ್ತು ತವರಿನ ಚರ್ಚಿನ ಒಬ್ಬ ಅಕ್ಕ ಒಂದು ನಿಯಮ ಮಾಡಿಕೊಂಡಿದ್ದೇವೆ. ಓದಿದ್ದರಲ್ಲಿ ಅರ್ಥವಾಗದ ಒಂದು ವಿಷಯ ಬರೆದು ಕಳಿಸಬೇಕು. ಅರ್ಥವಾದದ್ದನ್ನು ಬರೆಯಲು ಹೋದರೆ ಇಬ್ಬರೂ ಪ್ರಸಂಗ ಶುರು ಮಾಡುತ್ತೇವೆ. ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದಲ್ಲಿ ರಥದಲ್ಲಿ ಕೂತು ಯೆಶಾಯನನ್ನು ಓದುತ್ತಿದ್ದ ಇಥಿಯೋಪ್ಯದ ಅಧಿಕಾರಿಯನ್ನು ಫಿಲಿಪ್ಪ ಕೇಳಿದ್ದೂ ಅದನ್ನೇ ಅಲ್ವಾ, ಓದುತ್ತಿರುವುದು ಅರ್ಥವಾಗುತ್ತಿದೆಯೇ ಅಂತ. ಯಾರಾದರೂ ತಿಳಿಸಿಕೊಡದಿದ್ದರೆ ಹೇಗೆ ಅರ್ಥವಾದೀತು ಅಂದ ಆತ, ಮುಚ್ಚುಮರೆ ಇಲ್ಲದೆ.

ಯಾರಿಗೆ ಯಾವುದು ಅಂತ ಒತ್ತಾಯ ಮಾಡಿ ಕೇಳಿದರೆ ಹೇಳುತ್ತೇನೆ. ಮೊದಲ ಸಲ ಓದುವವರಿಗೆ ಮಾರ್ಕ ಒಂದೇ ಕೂರಿಕೆಯಲ್ಲಿ, ಆಮೇಲೆ ವಾರಕ್ಕೆ ಐದು ದಿನದ ಹೊಸ ಒಡಂಬಡಿಕೆ. ಬಿಟ್ಟು ಮತ್ತೆ ಹಿಡಿಯುವವರಿಗೆ ಇವತ್ತಿನ ತಾರೀಖಿನ ಜ್ಞಾನೋಕ್ತಿ. ಹೊಸ ಒಡಂಬಡಿಕೆ ಚೆನ್ನಾಗಿ ಗೊತ್ತಿದ್ದು ಹಳೆಯದು ಬರೀ ಭಾನುವಾರದ ಶಾಲೆಯ ಕಥೆಯಷ್ಟೇ ಅನ್ನುವವರಿಗೆ ತಾರೀಖಿಲ್ಲದ ಆದಿಯಿಂದ ಅಂತ್ಯ, ಕಷ್ಟದ ಪುಸ್ತಕಗಳನ್ನು ಕಿವಿಯಲ್ಲಿ. ವಯಸ್ಸಾದವರಿಗೆ, ಮನೆಯವರೆಲ್ಲ ಸೇರಿ ಓದುವವರಿಗೆ ಚರ್ಚಿನ ವಾಚನ. ಮ್ಯಾಕ್‌ಚೇನ್ ಪಟ್ಟಿ, ಎರಡು ವರ್ಷ ಬಿಡದೆ ಓದಿ ಅಭ್ಯಾಸ ಇದ್ದವರಿಗೆ ಮಾತ್ರ.

ನಾನು ಈಗ ನಡೆಸುತ್ತಿರುವುದು ಎರಡು. ಬೆಳಿಗ್ಗೆ ಅತ್ತೆಯವರ ಜೊತೆ ಅವತ್ತಿನ ವಾಚನ, ರಾತ್ರಿ ತಾರೀಖಿಲ್ಲದ ನನ್ನ ಓದು. ಮೂರು ತಿಂಗಳಿಂದ ಅರಣ್ಯಕಾಂಡದಲ್ಲೇ ಇದ್ದೇನೆ, ಇಸ್ರಾಯೇಲರು ಅಲ್ಲಿ ನಲವತ್ತು ವರ್ಷ ಇದ್ದರು, ನನ್ನದು ವಾಸಿ. ನಿನ್ನೆ 21ನೇ ಅಧ್ಯಾಯ, ತಾಮ್ರದ ಸರ್ಪ. ಇವತ್ತು 22, ಬಿಳಾಮನ ಕತ್ತೆ ಮಾತಾಡುವ ಕಥೆ. ಕತ್ತೆ ಮಾತಾಡುತ್ತದೆ ಅಂತ ಊಟದ ಹೊತ್ತಿಗೆ ಬಾಯಿ ತಪ್ಪಿ ಹೇಳಿಬಿಟ್ಟೆ, ಮಗಳು ಆಗಲೇ ದಿಂಬು ತಂದುಕೊಂಡು ಕೂತಿದ್ದಾಳೆ, ಹಾಗಾಗಿ ಇವತ್ತು ತಪ್ಪಿಸುವ ಹಾಗಿಲ್ಲ.